ಹೇಳಿದ್ದನ್ನೇ ನಂಬಿ ನೋಟಿಸು ಪಡೆದವರು

ಅರ್ಧ ಕೇಳಿಸಿಕೊಂಡು ಪೂರ್ತಿ ಕೆಲಸ ಮುಗಿಸುವ ಜನ ಇರುವತನಕ ವಕೀಲರ ಕಚೇರಿಗೆ ಗಿರಾಕಿಗಳ ಬರ ಇಲ್ಲ. ಸಿಕಂದರಾಬಾದಿನ ಹತ್ತಿರದ ಅಬಿಡ್ಸಿನಲ್ಲಿ ರಾಯಚೂರು ಕಡೆಯ ವಕೀಲರೊಬ್ಬರ ಹತ್ತಿರ ನಾನು ಬಹಳ ವರ್ಷ ಗುಮಾಸ್ತನಾಗಿದ್ದೆ. ಅಂಥ ಗಿರಾಕಿಗಳಿಂದಲೇ ನನ್ನ ಮನೆ ನಡೆಯಿತು. ಅವರಿಗೆ ನಾನು ಋಣಿ. "ಯಾರೋ ಹೇಳಿದ್ರು, ಅದಕ್ಕ ಮಾಡಿದೆ ಅಂದ್ರ ಕೋರ್ಟು ಬಿಡೂದಿಲ್ರಿ. ವಿಚಾರಿಸೋದು ಧಂದೆ ಮಾಡೋರ ಜವಾಬ್ದಾರಿ" ಎಂದು ವಕೀಲರು ಎಲ್ಲ ವ್ಯಾಪಾರಿಗಳಿಗೂ ಹೇಳುತ್ತಿದ್ದರು. ಆ ಮಾತು ಮೊದಲು ಬಡಿದದ್ದು ನನಗೇ.

ಫ್ರಿಜ್ಜಿನ ನೋಟಿಸು

ಕೆಟ್ಟ ಫ್ರಿಜ್ ಮಾರಿದ ಅಂಗಡಿಗೊಂದು ನೋಟಿಸು ಕಳಿಸಬೇಕಿತ್ತು. ನಾನು ಮೊಬೈಲಿನಲ್ಲಿ ವಿಳಾಸ ಹುಡುಕಿ ಕಳಿಸಿದೆ. ಅದು ಅದೇ ಹೆಸರಿನ ಟಿಫಿನ್ ಸೆಂಟರಿಗೆ ಹೋಯಿತು. ಮಾಲೀಕರು ಬೀದರಿನವರು. ಹಿಟ್ಟಿನ ಕೈಯಲ್ಲೇ ನೋಟಿಸು ಹಿಡಿದು ಬಂದರು.

"ನಮ್ಮಲ್ಲಿ ಫ್ರಿಜ್ಜೇ ಇಲ್ರಿ. ಇನ್ನ ಮಾರೋದು ಎಲ್ಲಿಂದ?"

ನನ್ನ ಕೆಲಸ ಹೋಯಿತೆಂದುಕೊಂಡೆ. ನಮ್ಮ ಮೇಲೇ ಅವರು ಕೇಸು ಹಾಕಬಹುದಿತ್ತು. ಪುಣ್ಯಾತ್ಮರು ಕೇಳಿದ್ದು ಒಂದೇ: "ತಪ್ಪಾತು ಅಂತ ನಿಮ್ಮ ಲೆಟರ್‌ಹೆಡ್ಡಿನ ಮ್ಯಾಲೆ ಬರದು ಕೊಡ್ರಿ."

ಕೊಟ್ಟೆವು. ಮುಂದಿನ ವಾರ ಆ ಋಣಕ್ಕಾಗಿಯೇ ಅಲ್ಲಿಗೆ ಇಡ್ಲಿ ತಿನ್ನಲು ಹೋದೆ. ನಮ್ಮ ಪತ್ರ ಗಾಜು ಹಾಕಿಸಿಕೊಂಡು ಗಲ್ಲಾದ ಮೇಲೆ ತೂಗುತ್ತಿತ್ತು. ಕೆಳಗೆ ತೆಲುಗಿನಲ್ಲಿ ಕೆಂಪಗೆ ಬರೆಸಿದ್ದರು: "ನಮ್ಮಲ್ಲಿ ಫ್ರಿಜ್ ಇಲ್ಲ, ಎಲ್ಲ ತಾಜಾ. ವಕೀಲರ ಗ್ಯಾರಂಟಿ!"

ಯೂನಿವರ್ಸಿಟಿಯ ವರ

ತಾರ್ನಾಕದಲ್ಲಿ ವಧೂವರ ಕೇಂದ್ರ ನಡೆಸುತ್ತಿದ್ದ ಹೆಂಗಸೊಬ್ಬರು "ವರ ಯೂನಿವರ್ಸಿಟಿಯಲ್ಲಿದ್ದಾನೆ" ಎಂದು ಹುಡುಗಿಯ ಮನೆಯವರಿಗೆ ಬರೆದುಕೊಟ್ಟಿದ್ದರು. ಮಾತುಕತೆ ಮುಗಿದ ಮೇಲೆ ಗೊತ್ತಾಯಿತು, ವರ ಇರುವುದು ಯೂನಿವರ್ಸಿಟಿ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ. ಹುಡುಗಿಯ ಅಪ್ಪ ಕೇಂದ್ರಕ್ಕೆ ನೋಟಿಸು ಕಳಿಸಿದರು. ಆ ಹೆಂಗಸು ಅದನ್ನು ಹಿಡಿದು ನಮ್ಮಲ್ಲಿಗೆ ಬಂದರು.

"ನೀವು ವಿಚಾರಿಸಲಿಲ್ಲೇನ್ರಿ?" ವಕೀಲರು ಕೇಳಿದರು.

"ಯಾಕಿಲ್ರಿ? ಹುಡುಗನ ಸೋದರಮಾವನ್ನ ಎರಡು ಸಲ ಕೇಳೀನಿ. ಎರಡೂ ಸಲ ಅದನ್ನೇ ಹೇಳಿದ್ರು."

ರಾಜಿಗೆಂದು ಕರೆದಾಗ ಅಪ್ಪನ ಜೊತೆ ಪಿಎಚ್.ಡಿ. ಮಾಡುತ್ತಿದ್ದ ಮಗಳೂ ಬಂದಳು. "ಅಪ್ಪಾಜಿ, ನೋಟಿಸು ವಾಪಸ್ ತಗೋರಿ. ನನಗ ಆ ಜೆರಾಕ್ಸ್ ಅಂಗಡಿಯವರೇ ಆಗಬೇಕು" ಎಂದಳು. ಕೇಂದ್ರದ ಹೆಂಗಸು ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಅಪ್ಪ ಮಾತ್ರ "ಯಾಕವ್ವಾ?" ಎಂದರು.

"ನನ್ನ ಥೀಸಿಸ್ ಜೆರಾಕ್ಸ್ ಮಾಡೋವಾಗ ಹದಿನಾಲ್ಕು ತಪ್ಪು ತೋರಿಸಿದ್ರು ಅವರು. ನನ್ನ ಗೈಡ್ ಇನ್ನೂ ಮೊದಲನೇ ಪುಟಾನೂ ತಿರುವಿಲ್ಲ!"

ಸಾಮಾನಿನ ಲಾರಿ

ಸಿಕಂದರಾಬಾದಿನಲ್ಲಿ ಮನೆ ಸಾಮಾನು ಸಾಗಿಸುವ ಕಂಪನಿಯ ಮಾಲೀಕರೊಬ್ಬರು ಒಂದು ಸಂಜೆ ಓಡಿ ಬಂದರು. ಫೋನಿನಲ್ಲಿ ಗಿರಾಕಿ "ಪಾರ್ಕಿನ ಎದುರು, ಮೂರನೇ ಮಹಡಿ" ಎಂದಿದ್ದನಂತೆ. ಪಾರ್ಕಿನ ಎದುರು ಎರಡು ಕಟ್ಟಡ. ಇವರ ಆಳುಗಳು ತಪ್ಪು ಕಟ್ಟಡ ಹತ್ತಿ, ಎಂಜಿನಿಯರೊಬ್ಬರ ಮನೆಯನ್ನು ಪೂರ್ತಿ ಲಾರಿಗೆ ತುಂಬಿದ್ದರು. ಮನೆಯಲ್ಲಿದ್ದ ಅವರ ತಾಯಿ ತಡೆಯುವುದಿರಲಿ, ಎಲ್ಲರಿಗೂ ಚಹಾ ಮಾಡಿಕೊಟ್ಟು, ದೇವರ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಡ್ರೈವರ್ ಪಕ್ಕ ಕೂತಿದ್ದರು!

ಅಷ್ಟರಲ್ಲಿ ಡ್ಯೂಟಿ ಮುಗಿಸಿ ಬಂದ ಮಗ ಲಾರಿ ತಡೆದು, ತಾಯಿಯನ್ನೂ ಕರೆದುಕೊಂಡು ಮಾಲೀಕರ ಹಿಂದೆಯೇ ನಮ್ಮ ಕಚೇರಿಗೆ ಬಂದರು. "ವಿಳಾಸ ಸುದ್ದಾ ಕೇಳದ ಕಂಪನಿನ ಬಿಡಂಗಿಲ್ರಿ!"

ಮಾಲೀಕರು ಕೈ ಮುಗಿದರು. "ತಪ್ಪು ನಮ್ಮದೇ. ಈಗಲೇ ಎಲ್ಲಾ ಮ್ಯಾಲೆ ಏರಿಸಿ ಕೊಡ್ತೀವ್ರಿ."

"ಏರಿಸಬ್ಯಾಡ್ರಿ!" ತಾಯಿ ಧಡಕ್ಕನೆ ಎದ್ದರು. "ಒಂದು ಬಟ್ಟಲಾ ಒಡದಿಲ್ಲ, ಉಪ್ಪಿನಕಾಯಿ ಭರಣಿ ಸುದ್ದಾ ನೆಟ್ಟಗೈತಿ. ನಿಮಗ ಪುಣ್ಯ ಬರಲಿ. ಲಿಫ್ಟ್ ಇರೋ ಮನಿಗೆ ಹೋಗೂಣು ಅಂತ ಇವ ಆರು ವರ್ಷದಿಂದ ಹೇಳಾಕತ್ತಾನ. ನೀವು ಮೂರು ತಾಸಿನಾಗ ಕೆಳಗ ಇಳಿಸಿದ್ರಿ. ಇವ ಮನಿ ಹುಡುಕೂತನಕ ಲಾರಿ ಅಲ್ಲೇ ನಿಲ್ಲಲಿ. ಸಾಮಾನು ಮ್ಯಾಲೆ ಏರಿತು ಅಂದ್ರ ಮತ್ತ ಆರು ವರ್ಷ ಕುಂದರ್ತಾನ!"