ಚೆಸ್ ಆಟಕ್ಕೆ ಪೋಷಕರ ಒಪ್ಪಿಗೆ

ಡ್ರಾಯಿಂಗ್ ಮೇಷ್ಟ್ರನ್ನು ನಾನು ಮೊದಲು ಕಂಡದ್ದು ಕೆಲಸಕ್ಕೆ ಸೇರಿದ ದಿನ. ಸ್ಟಾಫ್ ರೂಮಿನ ಮೂಲೆಯಲ್ಲಿ ಚೆಸ್ ಮಣೆ ಹರಡಿ, ಎದುರಿಗೊಂದು ಖಾಲಿ ಕುರ್ಚಿ ಇಟ್ಟುಕೊಂಡು ಕುಳಿತಿದ್ದರು. ನನ್ನ ಹೆಸರು ಕೇಳಲಿಲ್ಲ, ಯಾವ ಪಾಠ ಮಾಡುತ್ತೀರಿ ಎಂದೂ ಕೇಳಲಿಲ್ಲ. "ಕೂತ್ಕೊಳ್ಳಿ ಮೇಷ್ಟ್ರೇ, ಬಿಳಿ ಕಾಯಿ ನಿಮ್ಮದು" ಎಂದರು. ಆ ಕುರ್ಚಿಯಿಂದ ನಾನು ಎದ್ದದ್ದು ಮೂವತ್ತೊಂದು ವರ್ಷಗಳ ನಂತರ, ನಿವೃತ್ತಿಯ ದಿನ! ನಡುನಡುವೆ ಪಾಠವನ್ನೂ ಮಾಡಿದೆ ಎನ್ನಿ.

ಈಗ ಅವರು ಮಗಳ ಊರಿನಲ್ಲಿದ್ದಾರೆ. ಅವರು ಹೊರಡುವ ದಿನ ನಮ್ಮ ಗೆಲುವುಗಳು ಸರಿಸಮ: ಅವರದು ನಾನೂರ ಹನ್ನೆರಡು, ನನ್ನದೂ ನಾನೂರ ಹನ್ನೆರಡು. ನಮ್ಮಿಬ್ಬರಲ್ಲಿ ಯಾರು ಮೇಲು ಎಂಬುದು ಇತ್ಯರ್ಥವಾಗಬೇಕಲ್ಲ! ಫೋನಿನಲ್ಲೇ ನಡೆ ಹೇಳಿಕೊಂಡು ಒಂದು ಆಟ ಆಡಲು ನೋಡಿದೆವು. ನನ್ನ ಹೆಂಡತಿ ಧೂಳು ಒರೆಸುವಾಗ ನನ್ನ ರಾಜನನ್ನು ಎತ್ತಿ ರೇಡಿಯೋ ಮೇಲೆ ನಿಲ್ಲಿಸಿಬಿಟ್ಟಳು. ಆಟ ರದ್ದಾಯಿತು.

ಕಳೆದ ತಿಂಗಳ ಒಂದು ಭಾನುವಾರ ಅವರ ಕರೆ ಬಂತು.

"ಮೇಷ್ಟ್ರೇ, ಮಗಳು ಫೋನಿಗೆ ಆನ್‌ಲೈನ್ ಚೆಸ್ ಹಾಕಿಕೊಟ್ಟಿದ್ದಾಳೆ. ನೀವೂ ಹಾಕ್ಕೊಂಡು ಇವತ್ತು ನಾಲ್ಕು ಗಂಟೆಗೆ ಸರಿಯಾಗಿ ಬನ್ನಿ. ಬರಲಿಲ್ಲ ಅಂದ್ರೆ ನಾನೂರ ಹದಿಮೂರನೇ ಗೆಲುವು ನನ್ನದು!"

ನಾನು ಹೆಂಡತಿಯ ಮುಂದೆ ಎದೆಯುಬ್ಬಿಸಿ ಘೋಷಿಸಿದೆ: "ಸಾವಿರಾರು ಮಕ್ಕಳ ಪರೀಕ್ಷಾ ಅರ್ಜಿ ತುಂಬಿದ ಕೈ ಇದು! ಒಂದೂ ವಾಪಸ್ ಬಂದಿಲ್ಲ. ಹತ್ತು ನಿಮಿಷ ಸಾಕು."

"ಎರಡು ಗಂಟೆಗೇ ಕೂತ್ಕೊಳ್ಳಿ" ಎಂದಳು ಅವಳು, ಬಟ್ಟೆ ಮಡಿಸುತ್ತಾ.

ಎರಡಕ್ಕೆ ಕುಳಿತೆ. ಜಾಗವಿಲ್ಲ ಎಂದಿತು ಫೋನು.

"ಆ ಶುಭೋದಯದ ಹೂವಿನ ಚಿತ್ರಗಳನ್ನೆಲ್ಲ ಅಳಿಸಿ ರೀ."

"ಸ್ನೇಹಿತರು ಪ್ರೀತಿಯಿಂದ ಕಳಿಸಿದ್ದು ಕಣೇ!"

"ಸಾವಿರದ ಇನ್ನೂರು ಗುಲಾಬಿ ಇದೆ. ಅಷ್ಟು ಪ್ರೀತಿ ಸಾಕು."

ಒಂದೊಂದನ್ನೂ ಕೊನೆಯ ಬಾರಿ ನೋಡಿ ಬೀಳ್ಕೊಡುವ ಹೊತ್ತಿಗೆ ಮೂರು ಗಂಟೆ. ಆಟವೇನೋ ಇಳಿಯಿತು. ತೆರೆದರೆ ನಿಯಮಗಳು! ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದದೆ ಲೇಖನಿ ಮುಟ್ಟಬಾರದೆಂದು ಜೀವಮಾನವಿಡೀ ಬೋಧಿಸಿದವನು ನಾನು. ಕನ್ನಡಕ ಏರಿಸಿ, ಸಂದೇಹಗಳನ್ನು ಗುರುತು ಹಾಕಿಕೊಳ್ಳಲು ನೋಟ್‌ಬುಕ್ ತೆರೆದು ಓದತೊಡಗಿದೆ. ಇಪ್ಪತ್ತೊಂದನೆಯ ಪುಟ, ಹದಿನೇಳನೆಯ ಸಂದೇಹ. ಅಷ್ಟರಲ್ಲಿ "ಸಮಯ ಮೀರಿದೆ. ಮೊದಲಿನಿಂದ ಆರಂಭಿಸಿ" ಎಂದು ತೆರೆ ಬೆಳ್ಳಗಾಯಿತು. ನಿಯಮ ಬರೆದವರೇ ಓದಲು ಬಿಡುವುದಿಲ್ಲವೆಂದರೆ ಏನರ್ಥ? ನನಗಂತೂ ತಲೆಬುಡ ತಿಳಿಯಲಿಲ್ಲ.

ಮೂರೂವರೆ. ಓದದೆಯೇ ಒಪ್ಪಿಗೆ ಒತ್ತಿ, ಗಡಿಬಿಡಿಯಲ್ಲಿ ಅರ್ಜಿ ತುಂಬಿದೆ. ತಕ್ಷಣ ಉತ್ತರ ಬಂತು: "ನಿಮಗಿನ್ನೂ ಹದಿಮೂರು ವರ್ಷ ತುಂಬಿಲ್ಲ. ಪೋಷಕರ ಒಪ್ಪಿಗೆ ಬೇಕು. ಅವರ ಫೋನ್ ಸಂಖ್ಯೆ ಕೊಡಿ."

ನಾನು ಕನ್ನಡಿ ನೋಡಿಕೊಂಡು ಬಂದೆ. ತಲೆ ಎಂದಿನಂತೆ ಬೋಳಾಗಿಯೇ ಇತ್ತು. ನನ್ನ ಪೋಷಕರೋ ತೀರಿಕೊಂಡು ಎಷ್ಟೋ ವರ್ಷವಾಯಿತು. ಬೇರೆ ದಾರಿ ಕಾಣದೆ ಹೆಂಡತಿಯ ಸಂಖ್ಯೆ ಒತ್ತಿದೆ. ಒಳಗೆ ಅವಳ ಫೋನು ಕಿಣಿಕಿಣಿ ಎಂದಿತು.

"ರೀ, ಏನಿದು? ನಿಮ್ಮ ಮಗು ಚೆಸ್ ಆಡಲು ಬಯಸುತ್ತಿದೆ ಅಂತ ಬಂದಿದೆ. ಯಾವ ಮಗು?"

"ನಾನೇ ಕಣೇ."

"ಹುಟ್ಟಿದ್ದು ಇವತ್ತು ಅಂತಿದೆಯಲ್ರೀ!"

ಆಗ ಹೊಳೆಯಿತು. ಮೂವತ್ತೊಂದು ವರ್ಷ, ತರಗತಿಗೆ ಕಾಲಿಟ್ಟೊಡನೆ ಕರಿಹಲಗೆಯ ಬಲಮೂಲೆಯಲ್ಲಿ ಅಂದಿನ ತಾರೀಖು ಬರೆದ ಕೈ! ಅರ್ಜಿಯ ಬಲಮೂಲೆಯಲ್ಲಿ ದಿನಾಂಕದ ಚೌಕ ಕಂಡದ್ದೇ ತಡ, ತನ್ನ ಪಾಡಿಗೆ ತಾನು ಆವತ್ತಿನ ತಾರೀಖು ತುಂಬಿಬಿಟ್ಟಿತ್ತು.

"ಹುಟ್ಟಿದ ದಿನವೇ ಇಷ್ಟು ಅವಾಂತರ! ಬೆಳೆದ ಮೇಲೆ ಇನ್ನೇನು ಕಾದಿದೆಯೋ" ಎಂದು ನಗುತ್ತಾ ಅವಳು ತನ್ನದೊಂದು ಖಾತೆ ತೆರೆದಳು. ಒಂದು ನಿಯಮ ಓದಲಿಲ್ಲ, ಎರಡು ನಿಮಿಷ ಹಿಡಿಯಲಿಲ್ಲ! ಆಮೇಲೆ ನನಗೂ ಒಪ್ಪಿಗೆ ಒತ್ತಿದಳು. ನನ್ನ ಫೋನಿನಲ್ಲಿ ಹಳದಿ ಮೊಲವೊಂದು ಜಿಗಿದು ಚಪ್ಪಾಳೆ ತಟ್ಟಿ, "ಬಾ ಪುಟ್ಟಾ!" ಎಂದಿತು. ಡ್ರಾಯಿಂಗ್ ಮೇಷ್ಟ್ರ ಹೆಸರು ಹುಡುಕಿದೆ. "ನೀನು ಮಕ್ಕಳ ಜೊತೆ ಮಾತ್ರ ಆಡಬಹುದು." ತಾರೀಖು ತಿದ್ದಲು ನೋಡಿದೆ. "ಒಮ್ಮೆ ತುಂಬಿದ್ದನ್ನು ಬದಲಿಸಲಾಗದು."

ನಾಲ್ಕಕ್ಕೆ ಎರಡು ನಿಮಿಷ!

"ಅಳಬೇಡಿ, ನನ್ನ ಫೋನಲ್ಲಿ ಆಡೋಣ. ನೀವು ನಡೆ ಹೇಳಿ, ನಾನು ಒತ್ತುತ್ತೀನಿ."

ಮೊದಲ ಮೂರು ನಡೆ ಹೇಳಿದಂತೆ ಒತ್ತಿದಳು. ನಾಲ್ಕನೆಯದಕ್ಕೆ ನಾನು ಆನೆ ಎಂದರೆ ಅವಳು ಕುದುರೆ ಹಾರಿಸಿದಳು.

"ಏಯ್! ನಿನಗೆ ಚೆಸ್ ಬರುತ್ತಾ?"

"ವರ್ಷಗಟ್ಟಲೆ ಭಾನುವಾರ ಮನೇಲಿ ಆಡ್ತಿದ್ದ ನಿಮ್ಮಿಬ್ಬರಿಗೂ ಕಾಫಿ ತಂದುಕೊಟ್ಟು ನಿಂತು ನೋಡ್ದೋಳು ಯಾರು? ನಿಮ್ಮ ತಪ್ಪು, ಅವರ ತಪ್ಪು ಎರಡೂ ನನಗೆ ಬಾಯಿಪಾಠ. ಸುಮ್ಮನೆ ಕೂತಿರಿ."

ಸುಮ್ಮನೆ ಕುಳಿತೆ. ಇಪ್ಪತ್ತೆರಡನೆಯ ನಡೆಗೆ ಚೆಕ್‌ಮೇಟ್!

ಡ್ರಾಯಿಂಗ್ ಮೇಷ್ಟ್ರು ಕೂಡಲೇ ಕರೆ ಮಾಡಿದರು. "ಭಲೇ ಮೇಷ್ಟ್ರೇ! ಇಷ್ಟು ವರ್ಷದಲ್ಲಿ ಇಂಥ ಆಟ ನೀವು ಒಂದು ದಿನಾನೂ ಆಡಿರಲಿಲ್ಲ!"

ಹೌದೆಂಬ ಮಾತು ನಾಲಿಗೆ ತುದಿಯವರೆಗೆ ಬಂತು. ಮಕ್ಕಳಿಗೆ ಕಾಪಿ ಹೊಡೆಯಬೇಡಿ ಎಂದವನಲ್ಲವೆ? ನಿಜ ಹೇಳಿಬಿಟ್ಟೆ.

"ಹಾಗಾದ್ರೆ ನಾವಿಬ್ಬರೂ ನಾನೂರ ಹನ್ನೆರಡರಲ್ಲೇ ಇದ್ದೀವಿ ಅನ್ನಿ" ಎಂದರು ಅವರು. "ನಿಮ್ಮ ಮನೆಯವರದು ಒಂದು."

ಅವಳದು ಈಗ ಒಂಬತ್ತು. ಒಂಬತ್ತನೆಯ ಸೋಲಿನ ಮರುದಿನ, ಅಂದರೆ ಇವತ್ತು, ಡ್ರಾಯಿಂಗ್ ಮೇಷ್ಟ್ರು ಒಂದು ಗಟ್ಟಿ ನಿರ್ಧಾರ ಮಾಡಿದ್ದಾರೆ. ಬೇರೊಂದು ಫೋನ್ ಸಂಖ್ಯೆಯಿಂದ ಹೊಸ ಖಾತೆ ತೆರೆದು, ಬೇಕೆಂದೇ ಈ ದಿನದ ತಾರೀಖಿನಲ್ಲಿ ಹುಟ್ಟಿದ್ದಾರೆ, ನನ್ನ ಜೊತೆ ಆಡಲು! ಮಗಳ ಒಪ್ಪಿಗೆಯೊಂದು ಬಾಕಿ. ಅವಳು, "ಮೊದಲು ಪಾರ್ಕಿನಲ್ಲಿ ಆರು ಸುತ್ತು ವಾಕಿಂಗ್ ಮುಗಿಸಿ ಬಾ, ಆಮೇಲೆ ನೋಡೋಣ" ಎಂದಿದ್ದಾಳಂತೆ. ಇದೀಗ ಏದುಸಿರು ಬಿಡುತ್ತಾ ಪಾರ್ಕಿನಿಂದಲೇ ಫೋನ್ ಮಾಡಿದ್ದರು. ನಾಲ್ಕನೆಯ ಸುತ್ತಿನಲ್ಲಿದ್ದಾರೆ.

"ಬೇಗ ಬೇಗ ನಡೀರಿ ಮೇಷ್ಟ್ರೇ" ಎಂದೆ. "ಇವಳು ನನಗೆ ಆಡೋಕೆ ದಿನಕ್ಕೆ ಅರ್ಧ ಗಂಟೆ ಮಾತ್ರ ಬಿಟ್ಟಿರೋದು!"