ಮನುಷ್ಯರಿಲ್ಲದ ಹತ್ತು ಫೋಟೋ

ಕ್ಯಾಮೆರಾ ಕೊಂಡವನಿಗೆ ತಗಲುವ ಮೊದಲ ಕಾಯಿಲೆ ಎಂದರೆ, ಎಲ್ಲಿ ನೋಡಿದರೂ ಮನುಷ್ಯರು ಅಡ್ಡ ಬರುತ್ತಿದ್ದಾರೆ ಎನಿಸುವುದು. ನನಗೆ ಈ ಕಾಯಿಲೆ ಐವತ್ತೆರಡನೆಯ ವಯಸ್ಸಿನಲ್ಲಿ ತಗಲಿತು. ಅದಕ್ಕೆ ಮುಂಚೆ ನಾನು ಬಾಗಲಕೋಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಫೈಲುಗಳ ನಡುವೆ ಕೂತು ಮನುಷ್ಯರನ್ನು ಸಹಿಸಿಕೊಂಡೇ ಬದುಕಿದ್ದೆ. ಕ್ಯಾಮೆರಾ ಬಂದ ಮೇಲೆ ಮಾತ್ರ, ಹಿತ್ತಲಿನ ದಾಸವಾಳದ ಎದುರು ನಾನು ಬಗ್ಗಿ ನಿಂತಿರುವಾಗ ಹೆಂಡತಿ ಶಾಂತಾ ಒಗೆದ ಬಟ್ಟೆ ಹಿಡಿದು ಬಂದರೆ, ನೆರಳು ಬೀಳುತ್ತದೆ, ಆಚೆ ಸರಿ ಎನ್ನತೊಡಗಿದೆ. ಮೊದಲ ಸಲ ಹಾಗೆಂದಾಗ ಅವಳು ಸರಿದಳು. ಆ ದಿನ ಸಾರಿಗೆ ಉಪ್ಪು ಬೀಳಲಿಲ್ಲ.

ನಮ್ಮ ಊರಿನಲ್ಲಿ ನನ್ನಂಥ ಹುಚ್ಚರದೊಂದು ಬಳಗವಿದೆ. ನಿವೃತ್ತ ಡ್ರಾಯಿಂಗ್ ಮಾಸ್ತರರಾದ ಪಾಟೀಲ ಸರ್ ಅದರ ಹಿರಿಯರು. ವರ್ಷಕ್ಕೊಮ್ಮೆ ಪ್ರದರ್ಶನ ಮಾಡುತ್ತೇವೆ. ಇಷ್ಟು ವರ್ಷ ಎಲ್ಲರೂ ಬಾದಾಮಿಯ ಹೊಂಡದ ಮೇಲಿನ ಸಂಜೆಯನ್ನೇ ತೆಗೆದು ತರುತ್ತಿದ್ದೆವು. ಹತ್ತು ಜನರ ಹತ್ತು ಫೋಟೋ ಕಲೆಸಿಟ್ಟರೆ ತಂತಮ್ಮದನ್ನು ಆರಿಸಿಕೊಳ್ಳುವುದು ಯಾರಿಗೂ ಆಗುತ್ತಿರಲಿಲ್ಲ. ನನ್ನದನ್ನು ಮಾತ್ರ ಗುರುತಿಸಬಹುದಿತ್ತು, ಮೂಲೆಯಲ್ಲೊಂದು ಮಂಗ ಇರುತ್ತಿತ್ತು. ಆ ಮಂಗದ ಕಾರಣಕ್ಕೇ ಎರಡು ವರ್ಷ ನನ್ನ ಒಂದು ಫೋಟೋವೂ ಗೋಡೆ ಏರಲಿಲ್ಲ. ಈ ಸಲ ಪಾಟೀಲ ಸರ್ ಬೇಸತ್ತು, ಗುಡಿ ಸಾಕು, ಹೊಂಡ ಸಾಕು, ಈಗಿನ ಜಾಗಗಳನ್ನು ತೆಗೆದುಕೊಂಡು ಬನ್ನಿ ಎಂದರು. ಮಾಲು, ಖಾನಾವಳಿ, ಹಳೆ ಪುಸ್ತಕ ಮತ್ತು ಕ್ಯಾಸೆಟ್ ಮಾರುವ ಅಂಗಡಿ. ಹತ್ತು ಫೋಟೋ, ಮುಂದಿನ ತಿಂಗಳ ಮೊದಲ ಸೋಮವಾರದ ಒಳಗೆ. ಒಂದರಲ್ಲೂ ಮನುಷ್ಯರಿರಬಾರದು, ಜಾಗವೇ ಮಾತಾಡಬೇಕು. ನನ್ನ ಕಾಯಿಲೆಗೆ ಇಷ್ಟು ಹಿತವಾದ ಔಷಧವನ್ನು ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ. ಈ ಸಲವಾದರೂ ಗೋಡೆ ಏರಲೇಬೇಕು ಎಂದು ಹಟ ಹಿಡಿದೆ.

ಒಂದು ತಿಂಗಳು ಸಮಯವಿತ್ತು. ಸರ್ಕಾರಿ ನೌಕರನ ಸ್ವಭಾವದಂತೆ ನಾನು ಕಡೆಯ ಭಾನುವಾರ ಎದ್ದೆ. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಸಂಗಪ್ಪನ ಬಳಿ ಬೈಕ್ ಇದೆ. ಅವನಿಗೆ ಫೋಟೋದಲ್ಲಿ ಆಸಕ್ತಿಯಿಲ್ಲ, ಆದರೆ ಪಟ್ಟಿಯಲ್ಲಿ ಖಾನಾವಳಿ ಇದೆ ಎಂದು ಕೇಳಿದ ತಕ್ಷಣ ಹೊರಟು ನಿಂತ. ಬಾಗಲಕೋಟೆಯ ಮಾಲು, ಅಲ್ಲಿಂದ ಬಾದಾಮಿಯ ಹಳೆ ಪುಸ್ತಕದ ಅಂಗಡಿ, ಐಹೊಳೆಯ ದಾರಿ ಹಿಡಿದು ಅಮೀನಗಡ, ಹುನಗುಂದದಲ್ಲಿ ಊಟ, ಕೊನೆಗೆ ಇಳಕಲ್ಲಿನ ಕ್ಯಾಸೆಟ್ ಅಂಗಡಿ. ಇಳಕಲ್ಲಿನ ಅಂಗಡಿಯೇ ನನ್ನ ಬ್ರಹ್ಮಾಸ್ತ್ರ. ಸಂಜೆ ಐದರ ಸುಮಾರಿಗೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಬಂದು ಆ ಕ್ಯಾಸೆಟ್ಟುಗಳ ಸಾಲಿನ ಮೇಲೆ ಬೀಳುವುದನ್ನು ಹಿಂದೊಮ್ಮೆ ನೋಡಿಟ್ಟುಕೊಂಡಿದ್ದೆ. ಒಂದೇ ಕೊರತೆ, ಅದರ ಮಾಲೀಕರು ಭಾನುವಾರ ಐದೂವರೆಗೆ ಬಾಗಿಲು ಹಾಕುತ್ತಾರೆ.

ನಮ್ಮೂರಿನ ನವನಗರದಲ್ಲಿರುವ ಮಾಲಿಗೆ ಜನ ಸೇರುವ ಮೊದಲೇ ಹೋದೆವು. ಮಾಲು ಎಂದರೆ ಮೂರು ಅಂತಸ್ತು, ನಡುವೆ ಒಂದು ಓಡುವ ಮೆಟ್ಟಿಲು. ಆ ಮೆಟ್ಟಿಲು ಸದ್ಯ ಓಡುವುದಿಲ್ಲ, ಹಳ್ಳಿಯಿಂದ ಬಂದವರು ಅದರ ಮೇಲೆ ಸಾಲಾಗಿ ಕೂತು ಬುತ್ತಿ ಬಿಚ್ಚುತ್ತಾರೆ. ಖಾಲಿ ಮೆಟ್ಟಿಲಿನ ಒಂದು ಫೋಟೋ ಸಾಕಾಗಿತ್ತು. ಕಾವಲುಗಾರ ಬಂದು, ಪರವಾನಗಿ ಇಲ್ಲದೆ ಇಲ್ಲಿ ಫೋಟೋ ತೆಗೆಯುವಂತಿಲ್ಲ ಎಂದ. ನಾನು ಪ್ರದರ್ಶನದ ವಿಷಯ ಹೇಳಿ ಕೇಳಿಕೊಂಡೆ. ಪ್ರದರ್ಶನ ಎಂದ ಕೂಡಲೇ ಅವನು ಟೊಪ್ಪಿಗೆ ಸರಿಮಾಡಿಕೊಂಡು ಹೋಗಿ ಮೆಟ್ಟಿಲಿನ ನಟ್ಟನಡುವೆ ಸಲ್ಯೂಟ್ ಹೊಡೆದು ನಿಂತ. ಸ್ವಲ್ಪ ಆಚೆ ಸರಿಯಲು ಹೇಳಿದರೆ ಪರವಾನಗಿ ಮತ್ತೆ ಇಲ್ಲವಾಗುವ ಲಕ್ಷಣ ಕಂಡಿತು. ತೆಗೆದುಕೊಂಡೆ.

ಬಾದಾಮಿಯ ಬಸ್ ನಿಲ್ದಾಣದ ಹಿಂದಿನ ಅಂಗಡಿಯಲ್ಲೂ ಇದೇ ಆಯಿತು. ಪ್ರವಾಸಿಗರು ಬಿಟ್ಟುಹೋದ ಯಾವ್ಯಾವುದೋ ದೇಶದ ಕಾದಂಬರಿಗಳನ್ನು ಅದರ ಮಾಲೀಕ ಎತ್ತರದ ಪ್ರಕಾರ ಜೋಡಿಸಿಟ್ಟಿದ್ದ. ಚಂದದ ದೃಶ್ಯ. ನಾನು ಕ್ಯಾಮೆರಾ ಎತ್ತಿದೊಡನೆ ಅವನು ಒಳಗೆ ಹೋಗಿ ಅಂಗಿ ಬದಲಿಸಿ, ತಲೆಗೆ ಎಣ್ಣೆ ಹಚ್ಚಿ, ಪುಸ್ತಕಗಳೆಲ್ಲ ಮುಚ್ಚಿಹೋಗುವಂತೆ ಎದುರಿಗೆ ಕುರ್ಚಿ ಹಾಕಿಕೊಂಡು ಕೂತ. ನೀವು ಬೇಡ, ಅಂಗಡಿ ಮಾತ್ರ ಸಾಕು ಎಂದು ಆದಷ್ಟು ಮೆತ್ತಗೆ ಹೇಳಿದೆ. ಅವನಿಗೆ ಸಿಟ್ಟೇನೂ ಬರಲಿಲ್ಲ, ನನ್ನ ಬುದ್ಧಿಯ ಬಗ್ಗೆ ಮರುಕ ಬಂದಿತು. "ನಾ ಇಲ್ಲಂದ್ರ ಈ ಅಂಗಡಿ ಯಾರ್ದಂತ ಹೆಂಗ ಗೊತ್ತಾಗ್ಬೇಕ್ರಿ ಮಂದಿಗೆ?" ಎಂದ. ಅವನನ್ನೂ ಹಾಗೆಯೇ ತೆಗೆದುಕೊಂಡೆ. ಅಮೀನಗಡದಲ್ಲಿ ಸಂಗಪ್ಪ ಅಲ್ಲಿನ ಹೆಸರುವಾಸಿ ಸಿಹಿ ಕರದಂಟು ಕಟ್ಟಿಸಿಕೊಳ್ಳುವಾಗ ಆ ಅಂಗಡಿಯನ್ನೂ ಪ್ರಯತ್ನಿಸಿದೆ. ಅಲ್ಲಿ ಕರದಂಟಿನ ತಟ್ಟೆಗಳ ಹಿಂದೆ ಅಣ್ಣ ತಮ್ಮಂದಿರು ಮೂವರು ವಯಸ್ಸಿನ ಪ್ರಕಾರ ನಿಂತರು.

ಹುನಗುಂದ ಮುಟ್ಟುವಾಗ ಮಧ್ಯಾಹ್ನ ಎರಡೂವರೆ. ನೀಲವ್ವನ ಖಾನಾವಳಿ ಸಂಗಪ್ಪನಿಗೆ ಗೊತ್ತಿದ್ದ ಜಾಗ. ನಾಲ್ಕು ಮೇಜು, ಮೂಲೆಯಲ್ಲಿ ಒಲೆ, ಒಲೆಯ ಹಿಂದಿನ ಹಲಗೆಯ ಮೇಲೆ ಥಳಥಳಿಸುವ ಸ್ಟೀಲ್ ಲೋಟಗಳು. ಅರವತ್ತರ ಆಸುಪಾಸಿನ ನೀಲವ್ವ ಒಬ್ಬರೇ ರೊಟ್ಟಿ ಬಡಿದು ಒಬ್ಬರೇ ಬಡಿಸುತ್ತಾರೆ. ಬಿಸಿ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನಾನು ಫೋಟೋ ಮರೆತು ನಾಲ್ಕು ರೊಟ್ಟಿ ತಿಂದೆ. ಐದನೆಯದನ್ನು ಬೇಡವೆನ್ನಲು ತಲೆ ಎತ್ತಿದಾಗ ಗೋಡೆಯ ಮೇಲೆ ಹಾರ ಹಾಕಿದ ಒಂದು ದೊಡ್ಡ ಫೋಟೋ ಕಂಡಿತು. ಗಂಡಸೊಬ್ಬ ಕಣ್ಣು ಬಿಟ್ಟು ನನ್ನ ತಟ್ಟೆಯನ್ನೇ ದುರುಗುಟ್ಟಿ ನೋಡುತ್ತಿದ್ದ. ಗುರುತಿನ ಚೀಟಿಯ ಹೆಬ್ಬೆರಳಿನಷ್ಟು ಚಿತ್ರವನ್ನು ಎಳೆದು ಎಳೆದು ದೊಡ್ಡದು ಮಾಡಿಸಿದ್ದೆಂದು ನೋಡಿದರೇ ತಿಳಿಯುತ್ತಿತ್ತು.

ನಾನು ನೋಡುವುದನ್ನು ನೀಲವ್ವ ನೋಡಿದರು. ಅದು ತಮ್ಮ ಯಜಮಾನರದು, ಬೇರೆ ಫೋಟೋ ಇರಲಿಲ್ಲ, ತೆಗೆಸಬೇಕು ತೆಗೆಸಬೇಕು ಎನ್ನುತ್ತಲೇ ಹೋಗಿಬಿಟ್ಟರು ಎಂದರು. "ಬದುಕಿದ್ದಾಗ ಒಬ್ಬರಿಗೂ ಒಂದು ಮಾತು ಅಂದಾವರಲ್ಲರಿ. ಈಗ ನೋಡ್ರಿ, ಉಣ್ಣಾಕ ಬಂದವರನ್ನೆಲ್ಲ ಬೈಯಾಕ ಕುಂತಂಗ ಕಾಣ್ತಾರ." ಅದನ್ನು ಅಳುತ್ತ ಹೇಳಲಿಲ್ಲ, ಹೆಂಚಿನ ಮೇಲಿನ ರೊಟ್ಟಿ ತಿರುವುತ್ತ ಹೇಳಿದರು. ಆಮೇಲೆ ನನ್ನ ಕೊರಳಿನ ಕ್ಯಾಮೆರಾ ನೋಡಿ, ತಮ್ಮದೊಂದು ತೆಗೆದುಕೊಡುತ್ತೀರಾ ಎಂದು ಕೇಳಿದರು. ಮಗಳು ಮೊಬೈಲಿನಲ್ಲಿ ತೆಗೆದವು ಬೇಕಾದಷ್ಟಿವೆ, ಆದರೆ ಎಲ್ಲದರಲ್ಲೂ ಕೈಯಲ್ಲಿ ಸೌಟು. ನಾಳೆ ಹಾರ ಹಾಕುವುದಕ್ಕೆ ಒಂದು ಸರಿಯಾದ ಫೋಟೋ ಮೊದಲೇ ಇರಲಿ, ಯಜಮಾನರ ಪಾಡು ತಮಗಾಗಬಾರದು ಎಂಬುದು ಅವರ ಆಸೆ. ಅದನ್ನು ಮಳೆಗಾಲಕ್ಕೆ ಮೊದಲು ಹಂಚು ಸರಿಮಾಡಿಸುವ ವಿಷಯದಂತೆ ಹೇಳಿದರು.

ಮನುಷ್ಯರಿಲ್ಲದ ಫೋಟೋ ಹುಡುಕಿ ಬಂದವನಿಗೆ ದಿನವಿಡೀ ಇದೇ ಆಯಿತಲ್ಲ ಎಂದು ನನಗೆ ಒಳಗೇ ಉರಿಯಿತು. ಆದರೆ ನಾಲ್ಕು ರೊಟ್ಟಿ ಉಂಡವನು ಆಗುವುದಿಲ್ಲ ಎನ್ನುವುದು ಹೇಗೆ? ನೀಲವ್ವ ಒಲೆ ಆರಿಸಿದರು. ಹಬ್ಬ ಬಿಟ್ಟರೆ ಹಗಲಿನಲ್ಲಿ ಆ ಒಲೆ ಆರುವುದೇ ಇಲ್ಲವೆಂದು ಸಂಗಪ್ಪ ನನ್ನ ಕಿವಿಯಲ್ಲಿ ಹೇಳಿದ. ಒಳಗಿನ ಟ್ರಂಕಿನಿಂದ ಕೆಂಪು ಸೆರಗಿನ ಇಳಕಲ್ ಸೀರೆ ಹೊರಬಂತು. ಮುಖ ತೊಳೆದು, ವಿಭೂತಿ ಧರಿಸಿ, ತಲೆ ಬಾಚಿ, ಸೀರೆಯುಟ್ಟು ಬರುವಷ್ಟರಲ್ಲಿ ಮೂರೂ ಮುಕ್ಕಾಲು. ಇಳಕಲ್ಲಿನ ಬಿಸಿಲು ನನ್ನ ಕಣ್ಣ ಮುಂದೆಯೇ ಜಾರುತ್ತಿತ್ತು. ಲೋಟಗಳ ಹಲಗೆಯ ಮುಂದೆ ಅವರನ್ನು ಕೂರಿಸಿ, ನಾಲ್ಕು ಸಲ ಕ್ಲಿಕ್ ಮಾಡಿ, ತೆಗೆದದ್ದನ್ನು ನೋಡದೆಯೇ, ಭಾಳ ಚಲೋ ಬಂದಾವ್ರಿ ಎಂದು ಹೇಳಿ ಬೈಕ್ ಏರಿದೆ. ಕಚೇರಿಯಲ್ಲೂ ನಾನು ಓದದ ಕಾಗದಗಳಿಗೇ ಹೆಚ್ಚು ಸಹಿ ಮಾಡಿದ್ದೇನೆ.

ಇಳಕಲ್ಲಿನ ಕ್ಯಾಸೆಟ್ ಅಂಗಡಿಯ ಅಜ್ಜ ಮಹಾ ಸಮಾಧಾನಿ. ಫೋಟೋದಲ್ಲಿ ತಾನು ಬೇಡವೆಂದರೆ ಬೇಡ ಎಂದು ಪಕ್ಕಕ್ಕೆ ಕೂತು, ದಿನದಲ್ಲಿ ಮೊದಲ ಬಾರಿಗೆ ನನ್ನ ಮನಸ್ಸು ಗೆದ್ದರು. ಭಜನೆ, ಬಯಲಾಟ, ಡೊಳ್ಳಿನ ಪದ ಎಂದು ಕೈಬರಹದ ಚೀಟಿ ಅಂಟಿಸಿದ ನೂರಾರು ಕ್ಯಾಸೆಟ್. ಬಿಸಿಲು ಇನ್ನೂ ಅರ್ಧ ಗೋಡೆಯಷ್ಟು ದೂರದಲ್ಲಿತ್ತು, ಹತ್ತು ನಿಮಿಷ ಕಾಯಬೇಕು. ಕಾಯುವ ಹೊತ್ತಿನಲ್ಲಿ ದಿನದ ಫೋಟೋಗಳನ್ನು ಅಜ್ಜನಿಗೆ ತೋರಿಸುತ್ತ ಹೋದೆ. ನೀಲವ್ವನ ಫೋಟೋ ಬಂದಾಗ ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಗ್ಲಾಸು ಭಾಳ ಚಂದ ಬಂದಾವ್ರಿ. ಮುಂದ ಕುಂತಾಕಿ ಯಾರಂತ ತಿಳೀವಲ್ದು," ಎಂದರು.

ನೋಡಿದೆ. ನಾಲ್ಕರಲ್ಲೂ ಹಲಗೆಯ ಮೇಲಿನ ಲೋಟಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಅವುಗಳ ಮುಂದೆ ಕೆಂಪು ಬಣ್ಣದ ಒಂದು ಮಂಜು ಕೂತಿತ್ತು. ಕ್ಯಾಮೆರಾಕ್ಕೂ ನನ್ನ ಕಾಯಿಲೆ ಅಂಟಿದೆ ಎಂದು ನನಗೆ ಆಗಲೇ ಗೊತ್ತಾದದ್ದು. ನನ್ನ ಹೆಗಲ ಮೇಲಿಂದ ಇಣುಕಿದ ಸಂಗಪ್ಪ, ಮುಂದಿನ ಭಾನುವಾರ ಬಂದು ತೆಗೆದರಾಯಿತು ಎಂದ. "ಲೇ, ಆಕಿ ಏನ್ ನಾಳೆ ಸಾಯಾಂಗಿಲ್ಲ," ಎಂದೂ ಸೇರಿಸಿದ. ಆ ಮಾತು ಅವನು ಆಡಬಾರದಿತ್ತು. ಆಮೇಲೆ ನನ್ನ ತಲೆಯಲ್ಲಿ ಬೇರೇನೂ ಉಳಿಯಲಿಲ್ಲ. ಆ ಗೋಡೆ, ಯಜಮಾನರ ಪಕ್ಕದಲ್ಲಿ ಸೌಟು ಹಿಡಿದ ನೀಲವ್ವ, ಅದಕ್ಕೊಂದು ಹಾರ. ನನಗೆ ನಾಚಿಕೆಯಾಯಿತು. ತೆಗೆದ ಫೋಟೋ ಒಂದು ಸಲ ನೋಡಲು ಅರ್ಧ ನಿಮಿಷ ಸಾಕಿತ್ತು. ಬೆಳಕಿರುವಾಗಲೇ ಹುನಗುಂದ ಸೇರಬೇಕಿತ್ತು, ಬಿಸಿಲು ಕ್ಯಾಸೆಟ್ಟುಗಳ ತುದಿಯನ್ನು ಮುಟ್ಟುವ ಹೊತ್ತಿಗೆ ನಾನು ಅಜ್ಜನಿಗೆ ನಮಸ್ಕಾರ ಹೇಳಿ ಹೊರಗೆ ಬಂದೆ. ಸಂಗಪ್ಪ ಹುನಗುಂದದವರೆಗೂ ಬೈದುಕೊಂಡೇ ಬೈಕ್ ಓಡಿಸಿದ.

ಖಾನಾವಳಿಯಲ್ಲಿ ಸಂಜೆಯ ಊಟದವರು ಬರತೊಡಗಿದ್ದರು. ನೀಲವ್ವ ಹಳೆ ಸೀರೆಯಲ್ಲಿ ಹಿಟ್ಟು ನಾದುತ್ತಿದ್ದರು. ಕ್ಯಾಮೆರಾ ಕೆಟ್ಟಿತ್ತು ಎಂದು ಸುಳ್ಳು ಹೇಳೋಣವೆಂದು ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡಿದ್ದೆ. ಅವರ ಮುಖ ನೋಡಿದಾಗ ಆಗಲಿಲ್ಲ, ನನ್ನ ತಪ್ಪು, ಅವಸರ ಮಾಡಿದೆ ಎಂದೆ. ಅವರು ಕೈ ತೊಳೆದು, ಟ್ರಂಕು ತೆರೆದು, ಮತ್ತೆ ಅದೇ ಸೀರೆಯುಟ್ಟು ಬಂದರು. ಊಟಕ್ಕೆ ಕೂತವರಿಗೆ ವಿಷಯ ಗೊತ್ತಾಗಿ ಅರ್ಧಕ್ಕೇ ಎದ್ದು ನೆರವಿಗೆ ನಿಂತರು. ಒಬ್ಬರು ಮೊಬೈಲಿನ ಬೆಳಕು ಹಿಡಿದರು, ಇನ್ನೊಬ್ಬರು ಲೋಟಗಳ ಹಲಗೆಗೆ ಬಿಳಿ ಪಂಚೆ ಕಟ್ಟಿದರು. ಎಲ್ಲರೂ ಸೇರಿ ಅವ್ವಾರ ನಗಬೇಕು, ನಗಬೇಕು ಎಂದು ಒತ್ತಾಯ ಹಚ್ಚಿದರು.

ನೀಲವ್ವ ನಗಲಿಲ್ಲ. ಗೋಡೆಯ ಮೇಲಿನ ಯಜಮಾನರನ್ನೊಮ್ಮೆ ನೋಡಿದರು. "ಅವರು ಹಂಗ ಸಿಟ್ಟಿಲೆ ಕುಂತಾರ, ನಾ ಬಾಜೂಕ ನಕ್ಕೋತ ಕುಂತರ ಚಂದ ಕಾಣತೈತೇನ್ರಿ?" ಎಂದರು. ಸ್ವಲ್ಪ ಯೋಚಿಸಿ, ಕುರ್ಚಿಯನ್ನು ತಾವೇ ಒಂದಿಷ್ಟು ತಿರುಗಿಸಿಕೊಂಡರು. "ಮಾರಿ ಈ ಕಡೆ ತಿರುಗಲಿ, ಅವರಿರೂ ಕಡೆ. ಸಮಾಧಾನ ಮಾಡೂಹಂಗ ಬರಬೇಕ ನೋಡ್ರಿ." ನಾನು ಹಾಗೆಯೇ ತೆಗೆದೆ. ಈ ಸಲ ತೆಗೆದು ನೋಡಿದೆ, ದೊಡ್ಡದು ಮಾಡಿ ನೋಡಿದೆ, ಅವರಿಗೂ ತೋರಿಸಿದೆ. ಅವರು ತಲೆಯಾಡಿಸಿ, ಸೀರೆ ಬದಲಿಸಲು ಒಳಗೆ ಹೋದರು.

ಪ್ರದರ್ಶನದಲ್ಲಿ ನನ್ನ ಕಾವಲುಗಾರನಿಗೂ, ಬಾದಾಮಿಯ ಎಣ್ಣೆ ತಲೆಗೂ, ಅಮೀನಗಡದ ಮೂವರು ಸಹೋದರರಿಗೂ ಜಾಗ ಸಿಗಲಿಲ್ಲ. ಮಂಗವೇ ವಾಸಿಯಿತ್ತಲ್ಲ ಎಂದು ಪಾಟೀಲ ಸರ್ ಅಂದರು. ನೀಲವ್ವನ ಫೋಟೋವನ್ನು ಅವರಿಗೆ ನಾನು ಕೊಡಲಿಲ್ಲ, ಕಟ್ಟು ಹಾಕಿಸಿ ಹುನಗುಂದಕ್ಕೆ ಒಯ್ದೆ. ನೀಲವ್ವ ತಡಮಾಡದೆ ಅದನ್ನು ಯಜಮಾನರ ಪಕ್ಕಕ್ಕೆ ಮೊಳೆ ಹೊಡೆಸಿ ತೂಗುಹಾಕಿಸಿದರು. ಅಂದಿನಿಂದ ಯಜಮಾನರು ಉಣ್ಣುವವರನ್ನು ಬೈಯುತ್ತಿದ್ದಾರೆ ಎನಿಸುವುದಿಲ್ಲ, ಮನೆಯವರ ಮಾತಿಗೆ ಅರ್ಧ ತಣ್ಣಗಾದವರಂತೆ ಕಾಣುತ್ತಾರೆ. ಹೊಸ ಗಿರಾಕಿಗಳು ಮಾತ್ರ ಗೋಡೆ ನೋಡಿ, ಅವ್ವಾರು ಯಾವಾಗ ತೀರಿಕೊಂಡರು ಎಂದು ರೊಟ್ಟಿ ಬಡಿಸುವಾಕೆಯನ್ನೇ ಕೇಳುತ್ತಾರಂತೆ. ಇನ್ನೂ ಇಲ್ಲರಿ, ಪಲ್ಯ ಹಾಕ್ಲೇನು ಎನ್ನುತ್ತಾರಂತೆ ನೀಲವ್ವ.

ಆ ಫೋಟೋ ಕೊಟ್ಟ ದಿನ ಹೊರಡುವಾಗ ನೀಲವ್ವ, ನಿಮ್ಮದು ಒಂದು ತೆಗೆಸಿಟ್ಟಿದ್ದೀರಾ ಎಂದು ನನ್ನನ್ನು ಕೇಳಿದರು. ಮನೆಗೆ ಬಂದು ಕಂಪ್ಯೂಟರ್ ಪೂರ್ತಿ ಜಾಲಾಡಿದೆ. ದಾಸವಾಳವಿತ್ತು, ಹೊಂಡವಿತ್ತು, ಮಂಗವಿತ್ತು, ನಾನಿರಲಿಲ್ಲ. ಶಾಂತಾಳನ್ನು ಕರೆದು ಕ್ಯಾಮೆರಾ ಕೈಗಿತ್ತು, ಕುರ್ಚಿಯಲ್ಲಿ ಕೂತೆ. ನೀಲವ್ವನ ಕತೆಯೆಲ್ಲ ಹೇಳಿ, ನಾಳೆ ಗೋಡೆಯ ಮೇಲೆ ನಿನ್ನ ಪಕ್ಕಕ್ಕೆ ಇರಬೇಕಾದವನು, ನಾನು ಯಾವ ಕಡೆ ಮುಖ ಮಾಡಲಿ ಎಂದು ಕೇಳಿದೆ. "ಯಾವ ಕಡೆನರ ಮಾಡ್ರಿ," ಎಂದಳು ಶಾಂತಾ, "ನಾ ಹೇಳಿದ್ದು ಕೇಳಿಸಿಕೊಳ್ಳಾಕತ್ತಾರ ಅನ್ನೂಹಂಗ ಕಂಡರ ಸಾಕು." ಇಲ್ಲಿಯವರೆಗೆ ಹದಿನಾಲ್ಕು ತೆಗೆದಿದ್ದಾಳೆ. ಒಂದರಲ್ಲೂ ಹಾಗೆ ಬಂದಿಲ್ಲ.