ಸ್ವಚ್ಛ ಮಾಡಿಸಿದ ಕಿವಿಗಳು

ಮನುಷ್ಯನಿಗೆ ದೇವರು ಕೊಟ್ಟ ಕೋಟೆಗಳಲ್ಲಿ ಚರ್ಮಕ್ಕೆ ಸಮಾನವಾದದ್ದು ಇನ್ನೊಂದಿಲ್ಲ. ಕಲ್ಲಿನ ಕೋಟೆಗಳು ಬಿದ್ದುಹೋದವು, ಅವನ್ನು ಕಟ್ಟಿಸಿದ ಅರಸರೂ ಹೋದರು. ಆದರೆ ಕೂದಲೆಳೆಯಷ್ಟೂ ದಪ್ಪವಿಲ್ಲದ ಚರ್ಮದ ಮೇಲ್ಪದರವೊಂದು ಮಳೆ, ಧೂಳು, ರೋಗಾಣುಗಳನ್ನೆಲ್ಲ ಹೊರಗೇ ನಿಲ್ಲಿಸಿ ಮನುಷ್ಯಕುಲವನ್ನು ಇವತ್ತಿನವರೆಗೂ ಕಾಪಾಡಿಕೊಂಡು ಬಂದಿದೆ. ಇಷ್ಟು ಗಹನವಾದ ಮಾತಾಡುವ ಅಧಿಕಾರ ನನಗೆ ಎಲ್ಲಿಂದ ಬಂತೆಂದರೆ, ಕಳೆದ ವರ್ಷ ನಾನು ಸ್ಟೀಲ್ ಡಬ್ಬಿಯೊಳಗೆ ನಾಲ್ಕು ಹಂದಿಕಿವಿಗಳನ್ನಿಟ್ಟುಕೊಂಡು ರಾಣೆಬೆನ್ನೂರಿನಿಂದ ಹಾವೇರಿಗೆ ಬಸ್ಸಿನಲ್ಲಿ ಬಂದಿದ್ದೇನೆ.

ನಾನು ಹಾವೇರಿಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ನೆಂಟರ ಲೆಕ್ಕದಲ್ಲಿ, ಔಷಧಿ ಅಂಗಡಿ ಇಡುವ ಧೈರ್ಯ ಸಾಲದೆ ಮಾಸ್ತರನಾದವನು. ಮದುವೆ ಊಟಕ್ಕೆ ಕುಳಿತರೆ ಪಕ್ಕದವರು ಕಿಸೆಯಿಂದ ಗುಳಿಗೆಯ ಪಟ್ಟಿ ತೆಗೆದು, "ಸರ, ಇದನ್ನ ಹೋಳಿಗಿಗಿಂತ ಮೊದಲ ತಗೋಬೇಕೋ, ಹೋಳಿಗಿ ಆದಮ್ಯಾಲೋ?" ಎಂದು ಕೇಳುತ್ತಾರೆ. ಔಷಧ ಹೊಟ್ಟೆಯನ್ನು ಹಾಯದೆ ನೇರವಾಗಿ ಚರ್ಮದ ಮೂಲಕವೇ ಒಳಗೆ ಹೋಗುವ ಹಾಗಿದ್ದರೆ ಹೋಳಿಗೆಯ ಪ್ರಶ್ನೆಯೇ ಬರುತ್ತಿರಲಿಲ್ಲ. ನನ್ನ ಸಂಶೋಧನೆಯ ಮೂಲಪ್ರೇರಣೆ ಇದೇ ಎಂದು ನಾನು ಎಲ್ಲಿಯೂ ಬರೆದಿಲ್ಲ.

ಕೀಲುನೋವಿಗೆ ಒಂದು ಹಳೆಯ ಔಷಧವಿದೆ. ನುಂಗಿದರೆ ನೋವು ಹೋಗುತ್ತದೆ, ಜೊತೆಗೆ ಹೊಟ್ಟೆ ಉರಿಯತೊಡಗುತ್ತದೆ. ಹಾಗಾದರೆ ಮುಲಾಮಾಗಿ ಹಚ್ಚೋಣವೆಂದರೆ ಚರ್ಮ ಒಳಗೆ ಬಿಡುವುದಿಲ್ಲ. ಚರ್ಮದ ಮೇಲ್ಪದರವೆಂದರೆ ಇಟ್ಟಿಗೆಯ ಗೋಡೆ. ಇಟ್ಟಿಗೆಗಳ ನಡುವೆ ಗಾರೆಯ ಬದಲು ಕೊಬ್ಬು. ಎಣ್ಣೆಯ ಸ್ವಭಾವದವರಿಗೆ ಮಾತ್ರ ಅಲ್ಲಿ ದಾರಿ. ನಮ್ಮ ಔಷಧವೋ ನೀರಿನ ಭಕ್ತ. ಅದಕ್ಕೆ ಉಪಾಯವೆಂದರೆ, ಔಷಧಕ್ಕೆ ಎಣ್ಣೆಯ ಗುಣದ ಒಂದು ಬಾಲ ಅಂಟಿಸುವುದು. ಬಾಲವಿರುವಷ್ಟು ಹೊತ್ತು ಅದು ಔಷಧವೇ ಅಲ್ಲ, ನಿರುಪದ್ರವಿ ದಾರಿಹೋಕ. ಗೋಡೆ ದಾಟಿ ಒಳಗೆ ಹೋದ ಮೇಲೆ ಚರ್ಮದಲ್ಲಿರುವ ಕಿಣ್ವಗಳು ಬಾಲ ಕತ್ತರಿಸುತ್ತವೆ. ಆಗ ಔಷಧ ಕಣ್ಣು ಬಿಡುತ್ತದೆ. ಇಂಥದ್ದಕ್ಕೆ ಪ್ರೋಡ್ರಗ್ ಎಂದು ಹೆಸರು. ಕಷ್ಟವಿರುವುದು ಬಾಲದ ಅಳತೆಯಲ್ಲಿ. ಗಿಡ್ಡವಾದರೆ ಬಾಗಿಲಲ್ಲೇ ತಡೆ. ಉದ್ದವಾದರೆ ಅದಕ್ಕೆ ಕೊಬ್ಬಿನ ಮೇಲೆ ಎಷ್ಟು ಪ್ರೀತಿ ಹುಟ್ಟುತ್ತದೆಂದರೆ, ಚಹಾಕ್ಕೆಂದು ಬಂದ ನೆಂಟ ಊಟ ಮುಗಿಸಿ ಹಾಸಿಗೆ ಕೇಳಿದಂತೆ, ಗೋಡೆಯೊಳಗೇ ಬಿಡಾರ ಹೂಡುತ್ತದೆ.

ಎರಡು, ನಾಲ್ಕು, ಆರು, ಎಂಟು ಇಂಗಾಲದ ಪರಮಾಣುಗಳಷ್ಟು ಉದ್ದದ ಬಾಲಗಳನ್ನು ಒಂದು ವರ್ಷ ಕೂತು ಅಂಟಿಸಿದವಳು ನನ್ನ ವಿದ್ಯಾರ್ಥಿನಿ ರೇಣುಕಾ. ಬ್ಯಾಡಗಿಯ ಹುಡುಗಿ, ಎಂ.ಫಾರ್ಮ್ ಕೊನೆಯ ವರ್ಷ. ಅವಳ ತಾಯಿ ಫಕ್ಕೀರವ್ವ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವರು. ಬೆರಳಿನ ಗಂಟುಗಳೆಲ್ಲ ಬಾತು, ಗುಳಿಗೆ ನುಂಗಿ ನುಂಗಿ ಹೊಟ್ಟೆಯನ್ನೂ ಕೆಡಿಸಿಕೊಂಡವರು. ಒಮ್ಮೆ ಕಾಲೇಜಿಗೆ ಬಂದಾಗ, "ಏನ್ ಕಲಸಾಕತ್ತೀರಿ ಸರ ನಮ್ಮ ಹುಡುಗಿಗಿ?" ಎಂದು ಕೇಳಿದರು. ನಾನು ಕಿಣ್ವಗಳಿಂದ ಆರಂಭಿಸಿ ಹತ್ತು ನಿಮಿಷ ಮಾತಾಡಿದೆ. ಅವರು ಮರ್ಯಾದೆಯಿಂದ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಆಕಳಿಸಿದರು.

ರೇಣುಕಾ ನಡುವೆ ಬಂದಳು. "ಅವ್ವಾ, ಔಷಧಕ್ಕ ಒಂದು ತೊಟ್ಟು ಹಚ್ಚತೇವಿ. ತೊಟ್ಟಿದ್ರ ಅಷ್ಟ ಅದು ಚರ್ಮ ದಾಟತೈತಿ. ದಾಟಿದಮ್ಯಾಲ ಮೈ ತಾನ ತೊಟ್ಟು ಬಿಡಸ್ತೈತಿ."

"ಅಂದ್ರ ಒಳಗೂ ನನ್ನಂಥಾಕಿ ಒಬ್ಬಾಕಿ ಕುಂತಾಳನ್ನು," ಎಂದರು ಫಕ್ಕೀರವ್ವ.

ಇಪ್ಪತ್ತಾರು ವರ್ಷಗಳಲ್ಲಿ ನನ್ನ ಯಾವ ವಿದ್ಯಾರ್ಥಿಯೂ ಕಿಣ್ವವನ್ನು ಇಷ್ಟು ಸರಿಯಾಗಿ ತಿಳಿದುಕೊಂಡಿರಲಿಲ್ಲ. ಆದರೆ ಅವರು ಅಲ್ಲಿಗೇ ಬಿಡಲಿಲ್ಲ. "ಮತ್ತ ಮೆಣಸಿನಕಾಯಿ ಖಾರ ಹೆಂಗ ಒಳಗ ಹೊಕ್ಕೊಂತೈತ್ರಿ ಸರ? ಸಂಜೀಕ ಕೈ ಉರದ ಉರೀತಾವು. ಅದಕ್ಕ ಯಾರು ತೊಟ್ಟು ಹಚ್ಯಾರ?" ಖಾರದ ಕಣಕ್ಕೆ ಹುಟ್ಟಿನಿಂದಲೇ ಅಂಥ ಬಾಲವಿದೆ ಎಂದು ವಿವರಿಸಲು ಇನ್ನೂ ಹತ್ತು ನಿಮಿಷ ಬೇಕಿತ್ತು. "ದೇವರು" ಎಂದುಬಿಟ್ಟೆ.

ರೇಣುಕಾಗೆ ಹುಬ್ಬಳ್ಳಿಯ ಒಂದು ಔಷಧ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ತಿಂಗಳೊಳಗೆ ಪ್ರಬಂಧ ಒಪ್ಪಿಸಿ ಮೌಖಿಕ ಪರೀಕ್ಷೆ ಮುಗಿಸಬೇಕು. ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ. ಉಳಿದದ್ದು ಒಂದೇ ಕೆಲಸ: ಬಾಲಗಳು ನಿಜವಾಗಿಯೂ ಚರ್ಮ ದಾಟುತ್ತವೆಯೇ ಎಂದು ನೋಡುವುದು. ಅದಕ್ಕೆ ಚರ್ಮ ಬೇಕು. ಮನುಷ್ಯರು ತಮ್ಮದನ್ನು ಕೊಡುವುದಿಲ್ಲ. ಮನುಷ್ಯರ ಚರ್ಮಕ್ಕೆ ಹತ್ತಿರವಾದದ್ದು ಹಂದಿಕಿವಿಯ ಚರ್ಮವೆಂದು ವಿಜ್ಞಾನ ಒಪ್ಪಿಕೊಂಡಿದೆ.

ನಮ್ಮದು ಮೊಟ್ಟೆ ಎಂಬ ಪದವನ್ನೂ ದನಿ ತಗ್ಗಿಸಿ ಆಡುವ ಮನೆತನ. ಹಾವೇರಿಯಲ್ಲಿ ನನ್ನನ್ನು ಬಲ್ಲವರು ಹೆಚ್ಚು. ಆದ್ದರಿಂದ ಯಾರೂ ಗುರುತಿಸದ ಊರೆಂದು ರಾಣೆಬೆನ್ನೂರಿಗೆ ಹೋದೆ. ಹಂದಿ ಮಾಂಸದ ಅಂಗಡಿಯ ಓಣಿಗೆ ತಿರುಗಿದ್ದೇ ತಡ, ಹಲಗೇರಿಯ ನನ್ನ ಷಡ್ಡಕ ಎದುರಿಗೆ ನಿಂತಿದ್ದ. "ಏನ್ರಿ ಅಣ್ಣಾರ, ಈ ಓಣ್ಯಾಗ?" ಎಂದ. "ಸಂಶೋಧನೆ" ಎಂದೆ. ಅವನು ಅಂಗಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಈ ವಯಸ್ಸಿನ್ಯಾಗ?" ಎಂದು ಕೇಳಿ, ಮನೆಯಲ್ಲಿ ಅಕ್ಕಾರಿಗೆ ಏನೂ ಹೇಳುವುದಿಲ್ಲವೆಂದು ಕೇಳದೆಯೇ ಮಾತು ಕೊಟ್ಟು ಹೋದ.

ಅಂಗಡಿಯ ದುರ್ಗಪ್ಪ ಬಹಳ ಮರ್ಯಾದಸ್ಥ ಮನುಷ್ಯ. ನಾನು ಗಟಾರದ ಈಚೆ ದಂಡೆಯಲ್ಲಿ ನಿಂತು, ಆಕಾಶದತ್ತ ಮುಖ ಮಾಡಿ, ಕಿವಿಗಳಷ್ಟೇ ಸಾಕೆಂದು ಹೇಳಿದೆ. ಆಮೇಲೆ, ವಿಜ್ಞಾನಿಯಾಗಿ ಅಲ್ಲ, ನನ್ನ ಮನೆತನದ ಪ್ರತಿನಿಧಿಯಾಗಿ, "ಒಂದೀಟ ಛಲೋತ್ನ್ಯಾಗ ಸ್ವಚ್ಛ ಮಾಡಿ ಕೊಡ್ರಿ" ಎಂದೂ ಸೇರಿಸಿದೆ. "ಚಿಂತಿ ಬಿಡ್ರಿ ಸರ" ಎಂದ ದುರ್ಗಪ್ಪ. ಅರ್ಧ ತಾಸಿನ ಮೇಲೆ ಕೈಗೆ ಬಂದ ಕಿವಿಗಳು ಬೆಳ್ಳಗೆ, ನುಣ್ಣಗೆ, ಒಂದು ಕೂದಲೂ ಇಲ್ಲದೆ, ಆಗತಾನೆ ಕ್ಷೌರ ಮಾಡಿಸಿಕೊಂಡ ಮದುಮಗನ ಗಲ್ಲದಂತಿದ್ದವು. "ಎಷ್ಟ ನೀಟ್ ಅದಾವ್ರಿ ಸರ!" ಎಂದಳು ರೇಣುಕಾ. ಆ ಹೊಗಳಿಕೆಯನ್ನು ನಾನೇ ಇಟ್ಟುಕೊಂಡೆ.

ಪ್ರಯೋಗ ಸರಳ. ಎರಡು ಅಂತಸ್ತಿನ ಪುಟ್ಟ ಗಾಜಿನ ಪಾತ್ರೆ. ನಡುವೆ ಚರ್ಮ, ಮೇಲೆ ಔಷಧ, ಕೆಳಗೆ ಬೆಚ್ಚನೆಯ ಉಪ್ಪುನೀರು. ತಾಸಿಗೊಮ್ಮೆ ಕೆಳಗಿನ ನೀರು ತೆಗೆದು ಎಷ್ಟು ಔಷಧ ಇಳಿದಿದೆ ಎಂದು ಅಳೆಯಬೇಕು. ನಾಲ್ಕು ಇಂಗಾಲದ ಬಾಲ ನಾವು ಇಡೀ ದಿನಕ್ಕೆ ನಿರೀಕ್ಷಿಸಿದ್ದಷ್ಟನ್ನು ಎರಡೇ ತಾಸಿನಲ್ಲಿ ಇಳಿಸಿತು. ನಾನು ಪ್ರಿನ್ಸಿಪಾಲರ ಕೋಣೆಗೆ ಹೋಗಿ ವಿಷಯ ತಿಳಿಸಿದೆ. ಅವರು ಪೇಟೆಂಟಿನ ಮಾತೆತ್ತಿದರು. ಸ್ಟಾಫ್ ರೂಮಿಗೆ ಗಿರ್ಮಿಟ್ಟು, ಮಿರ್ಚಿ ತರಿಸಿದೆ. ಸಹೋದ್ಯೋಗಿಗಳು ನನ್ನ ಮಿರ್ಚಿ ತಿನ್ನುತ್ತ ನನ್ನ ದೂರದೃಷ್ಟಿಯನ್ನು ಕೊಂಡಾಡಿದರು. ರೇಣುಕಾ ಮಾತ್ರ ಬಾಗಿಲಲ್ಲೇ ನಿಂತಿದ್ದಳು.

"ಸರ, ಬಾಲ ಇಲ್ಲದ್ದೂ ದಾಟೇತ್ರಿ."

"ಎಷ್ಟು?"

"ಅಷ್ಟ."

ಅಂದರೆ, ಬಾಲವಿಲ್ಲದ ಮೂಲ ಔಷಧವೂ ಅಷ್ಟೇ ಸಲೀಸಾಗಿ ಇಳಿದಿತ್ತು. ಹಾಗಿದ್ದ ಮೇಲೆ ಬಾಲವೇಕೆ, ಆ ಒಂದು ವರ್ಷವೇಕೆ, ನಾನೇಕೆ? ಬಾಯಲ್ಲಿದ್ದ ಮಿರ್ಚಿ ಅತ್ತ ಒಳಗೂ ಹೋಗದೆ ಇತ್ತ ಹೊರಗೂ ಬಾರದೆ ನಿಂತಿತು.

ಅನುಭವಿ ಮಾರ್ಗದರ್ಶಕನಾದ ನಾನು ತಪ್ಪು ಹುಡುಕುವ ಕೆಲಸವನ್ನು ಕ್ರಮಬದ್ಧವಾಗಿ ಕೈಗೊಂಡೆ. ಮೊದಲು ಅಳೆಯುವ ಯಂತ್ರವನ್ನು ಬೈದೆ. ಆಮೇಲೆ ಕರೆಂಟನ್ನು, ಅದರ ಹಿಂದೆಯೇ ಉಪ್ಪುನೀರನ್ನು ಬೈದೆ. ಬೈಯುವುದಕ್ಕೆ ಬೇರೇನೂ ಉಳಿಯದಾಗ, "ನೀನು ಸೀಸೆ ಅದಲುಬದಲು ಮಾಡಿರಬೇಕು" ಎಂದೆ. ಮಾರನೆಯ ದಿನ ಅವಳು ಉಳಿದ ಕಿವಿಗಳಿಂದ ಎಲ್ಲವನ್ನೂ ಮತ್ತೆ ಮಾಡಿದಳು. ಮತ್ತೆ ಅದೇ. ಅವಳ ಕಣ್ಣುಗಳು ಕೆಂಪಾಗಿದ್ದವು. ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು.

"ಸರ, ಸಿಟ್ಟಾಗಬ್ಯಾಡ್ರಿ. ಕಿವಿ ತಂದವರು ನೀವ. ಅವ್ರು ಅದನ್ನ ಏನ್ ಮಾಡಿ ಕೊಟ್ರು, ನೋಡಿದ್ರೇನು?"

ನಾನು ಆಕಾಶ ನೋಡುತ್ತಿದ್ದೆ ಎಂದು ಯಾವ ಬಾಯಿಂದ ಹೇಳಲಿ? ಮರುದಿನ ಇಬ್ಬರೂ ರಾಣೆಬೆನ್ನೂರಿಗೆ ಹೋದೆವು.

ದುರ್ಗಪ್ಪ ನಮ್ಮನ್ನು ಕಂಡು ಎದ್ದು ನಿಂತ. ತನ್ನ ಕೆಲಸದ ಬಗ್ಗೆ ಅವನಿಗೆ ಅಭಿಮಾನವಿತ್ತು. "ಸರ ಇಂಥಾದ್ದು ಮುಟ್ಟೂ ಮಂದಿ ಅಲ್ಲ ಅಂತ ನನಗ ಅವತ್ತ ಗೊತ್ತಾತ್ರಿ ಅಕ್ಕಾರ. ಬ್ಯಾರೆ ಗಿರಾಕಿಗೆ ಒಂದ ಸಲ ಕುದಿಯೂ ನೀರಾಗ ಅದ್ದತೇನಿ. ಇವರಿಗೆ ಮೂರು ಸಲ ಅದ್ದಿ, ಬ್ಲೇಡ್‌ಲೆ ಕೆರದು, ಮತ್ತ ತಿಕ್ಕಿ ಕೊಟ್ಟೇನಿ!"

ಕುದಿಯುವ ನೀರು, ಮೂರು ಸಲ, ಮೇಲೆ ಬ್ಲೇಡು. ನಮ್ಮ ಗೋಡೆಯ ಕೊಬ್ಬಿನ ಗಾರೆ ಕರಗಿ, ಇಟ್ಟಿಗೆ ಉದುರಿ, ಬಟ್ಟಬಯಲಾಗಿತ್ತು. ಅಂಥ ಗೋಡೆಯನ್ನು ಬಾಲವಿದ್ದದ್ದೂ ದಾಟುತ್ತದೆ, ಬಾಲವಿಲ್ಲದ್ದೂ ದಾಟುತ್ತದೆ, ಎಮ್ಮೆ ಬಿಟ್ಟರೆ ಎಮ್ಮೆಯೂ ದಾಟುತ್ತದೆ.

"ಇಷ್ಟ ಸ್ವಚ್ಛ ಮಾಡು ಅಂತ ಯಾರ ಹೇಳಿದ್ರು?" ಎಂದು ರೇಣುಕಾ ಕೇಳಿದಳು.

ದುರ್ಗಪ್ಪ ಕೈಯಲ್ಲಿದ್ದ ಕತ್ತಿಯಿಂದಲೇ ನನ್ನನ್ನು ತೋರಿಸಿದ.

ನಾನು ಅವಳ ಸೀಸೆಗಳ ಬಗ್ಗೆ ಆಡಿದ್ದನ್ನು ಅಲ್ಲೇ, ಗಟಾರದ ಆಚೆ ದಂಡೆಯಲ್ಲಿ ನಿಂತು, ವಾಪಸು ತೆಗೆದುಕೊಂಡೆ. ಆಮೇಲೆ ಅವಳೇ ವ್ಯವಹಾರ ವಹಿಸಿಕೊಂಡಳು. "ಅಣ್ಣಾರ, ನೀರು ತಾಗಸೂಕಿಂತ ಮೊದಲ ಕಿವಿ ಕೊಯ್ದು ಕೊಡ್ರಿ. ಹೆಂಗದಾವ ಹಂಗ."

"ಹೊಲಸ ಇರತಾವ್ರಿ."

"ಹೊಲಸ ಬೇಕ್ರಿ," ಎಂದೆ ನಾನು. ನನ್ನ ಮೇಲೆ ದುರ್ಗಪ್ಪನಿಗಿದ್ದ ಗೌರವ ಅವತ್ತಿಗೆ ಮುಗಿಯಿತು.

ಈ ಸಲ ಕಿವಿಗಳನ್ನು ಕಾಲೇಜಿನ ನಲ್ಲಿಯ ತಣ್ಣೀರಲ್ಲಿ ನಾನೇ, ನನ್ನ ಕೈಯಾರೆ ತೊಳೆದೆ. ರೇಣುಕಾ ಕತ್ತರಿಯಿಂದ ಕೂದಲನ್ನು ಮೆಲ್ಲಗೆ ಕತ್ತರಿಸಿ, ಚರ್ಮ ಬಿಡಿಸಿ, ಪಾತ್ರೆಗೆ ಕೂರಿಸಿದಳು. ಒಂದನೆಯ ತಾಸು, ಯಾವುದೂ ಇಳಿಯಲಿಲ್ಲ. ಎರಡನೆಯ ತಾಸು, ಏನೂ ಇಲ್ಲ. ಹಿಂದಿನ ಸಲ ಎಲ್ಲವೂ ದಾಟಿತೆಂದು ಅತ್ತವರು ಈಗ ಒಂದೂ ದಾಟಲಿಲ್ಲವೆಂದು ಬೆವರತೊಡಗಿದೆವು. ಮೂರನೆಯ ತಾಸಿಗೆ ನಾಲ್ಕು ಇಂಗಾಲದ ಬಾಲದ್ದು ಚೂರು ಇಳಿಯಿತು. ಬಾಲ ಕಳಚಿಕೊಂಡೇ ಇಳಿದಿತ್ತು. ಐದಕ್ಕೆ ಇನ್ನಷ್ಟು. ಎಂಟಕ್ಕೆ ಸಾಕಷ್ಟು. ಎಂಟು ಇಂಗಾಲದ ಬಾಲದ್ದು ನೆಂಟನಂತೆ ಗೋಡೆಯಲ್ಲೇ ಮಲಗಿತ್ತು. ಬಾಲವಿಲ್ಲದ ಮೂಲ ಔಷಧ ಹೊರಗೇ ನಿಂತಿತ್ತು. ಔಷಧವೊಂದು ಕೆಲಸ ಮಾಡಲಿಲ್ಲವೆಂದು ನಾನು ಇಷ್ಟು ಸಂತೋಷಪಟ್ಟದ್ದು ಇದೇ ಮೊದಲು. ಸ್ಟೂಲಿನ ಮೇಲೆ ಕುಳಿತೆ. ಬೆಳಗಿನಿಂದ ನಿಂತೇ ಇದ್ದೆನೆಂಬುದು ಆಗ ತಿಳಿಯಿತು. ರೇಣುಕಾ ಫೋನಿನಲ್ಲಿ, "ಅವ್ವಾ, ದಾಟ್ತ" ಎಂದಳು. ಆ ಕಡೆಯಿಂದ, "ಊಟ ಮಾಡಿಯೇನು?" ಎಂಬುದು ನನಗೂ ಕೇಳಿಸಿತು.

ಒಂದು ಸಲ ಬಂದ ಫಲಿತಾಂಶವನ್ನು ಯಾರೂ ನಂಬುವುದಿಲ್ಲ, ನಂಬಲೂಬಾರದು. ಇನ್ನೂ ಮೂರು ಸಲ ರಾಣೆಬೆನ್ನೂರಿಗೆ ಹೋಗಿಬಂದೆ. ಕೊನೆಯ ಸಲ ನಾನು ಓಣಿ ತಿರುಗುವಷ್ಟರಲ್ಲೇ ದುರ್ಗಪ್ಪ ಒಳಗೆ ಯಾರಿಗೋ, "ಹೊಲಸ ಕಿವಿ ಸರ ಬಂದ್ರ ನೋಡು" ಎಂದ. ನಾಲ್ಕೂ ಸಲ ಉತ್ತರ ಒಂದೇ ಬಂತು.

ಪ್ರಬಂಧದಲ್ಲಿ ರೇಣುಕಾ, ಮೊದಲ ಕಿವಿಗಳನ್ನು ಮಾರ್ಗದರ್ಶಕರ ಸೂಚನೆಯಂತೆ ಬಿಸಿನೀರಿನಲ್ಲಿ ಸ್ವಚ್ಛಗೊಳಿಸಿದ್ದರಿಂದ ಆ ಫಲಿತಾಂಶಗಳನ್ನು ಕೈಬಿಡಲಾಗಿದೆ ಎಂಬ ಅರ್ಥದ ಒಂದು ಸಾಲು ಬರೆದಿದ್ದಳು. "ಮಾರ್ಗದರ್ಶಕರ ಸೂಚನೆಯಂತೆ" ಎಂಬುದು ವಾಕ್ಯವನ್ನು ಭಾರ ಮಾಡುತ್ತದೆ ಎಂದು ನಾನು ಸೂಚಿಸಿದೆ. "ಆದದ್ದನ್ನ ಆದಂಗ ಬರೀಬೇಕಂತ ನೀವ ಕಲಸೀರಿ ಸರ," ಎಂದಳು. ಕಲಿಸಿದ್ದು ನಿಜ. ಹೊರಗಿನಿಂದ ಬಂದ ಪರೀಕ್ಷಕರು ನೂರಿಪ್ಪತ್ತು ಪುಟಗಳಲ್ಲಿ ಆ ಒಂದು ಸಾಲನ್ನೇ ಹುಡುಕಿ ತೆಗೆದು, ಎರಡು ಸಲ ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿ, ಬಹಳ ಹೊತ್ತು ನಕ್ಕರು. ನಾನು ಸಭಾಮರ್ಯಾದೆಗಾಗಿ ಸ್ವಲ್ಪ ಕಡಿಮೆ ಹೊತ್ತು ನಕ್ಕೆ.

ಪ್ರಬಂಧದ ಆರಂಭದಲ್ಲಿ, ಇದರಲ್ಲಿರುವುದೆಲ್ಲ ನಿಜ ಎಂಬ ಪ್ರಮಾಣಪತ್ರದ ಕೆಳಗೆ ನನ್ನ ಸಹಿ ಇದೆ. ರೇಣುಕಾ ಪಾಸಾದಳು.